ಫ್ಯೂಸು ತಂತಿಯೂ ರೈತನ ಪ್ರಾಣವೂ

1902ನೆಯ ಇಸವಿಯಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಒದಗಿತು. ಈಗ ವಿದ್ಯುಚ್ಛಕ್ತಿಯು ರೈತನ ಮನೆಯಲ್ಲಿ ದೀಪವನ್ನು ಬೆಳಗಿ, ತೋಟದಲ್ಲಿ ಕೊಳವೆ ಬಾವಿಯ ನೀರನ್ನು ಮೇಲೆತ್ತುತ್ತಿದೆ. ಆದರೆ ಇದರ ಸ್ವಭಾವವನ್ನರಿಯದೆ ದುರಸ್ತಿಗೆ ಕೈಹಾಕಿ ಪ್ರಾಣ ನೀಗುವವರೂ ಉಂಟು.

ಫ್ಯೂಸು ಇರುವಾಗ ಭಯವಿಲ್ಲವೆಂದು ಅನೇಕರು ನಂಬಿರುವರು. ಈ ನಂಬಿಕೆಯು ತಪ್ಪು. ಫ್ಯೂಸು ಇರುವುದು ತಂತಿಯು ಕಾದು ಬೆಂಕಿ ಹತ್ತದಿರಲೆಂದೇ ಹೊರತು ಮನುಷ್ಯನನ್ನು ಕಾಯಲೆಂದಲ್ಲ. 5 ಆಂಪಿಯರ್ ಫ್ಯೂಸಿನಲ್ಲಿ 5,000 ಮಿಲಿ ಆಂಪಿಯರ್ ಪ್ರವಾಹವು ನಿರಾತಂಕವಾಗಿ ಹರಿಯುವುದು. ಮನುಷ್ಯನ ಎದೆಯ ಮೂಲಕ 100 ಮಿಲಿ ಆಂಪಿಯರ್ ಕೆಲವು ಕ್ಷಣ ಹರಿದರೂ ಹೃದಯದ ಬಡಿತವು ಕೆಟ್ಟು ಮರಣ ಸಂಭವಿಸಬಹುದು. ಮನೆಯ ವಿದ್ಯುತ್ತಿನ ಒತ್ತಡವು 230 ವೋಲ್ಟು. ಮೈ ನೆನೆದಾಗ ದೇಹದ ತಡೆಯು ಸುಮಾರು 1,000 ಓಮಿಗೆ ಇಳಿಯಬಹುದು. ಆಗ 230 ಮಿಲಿ ಆಂಪಿಯರ್ ಹರಿಯುವುದು. ಮನುಷ್ಯನು ಸತ್ತರೂ ಫ್ಯೂಸು ಕರಗದು.

ಆದಕಾರಣ ಮನುಷ್ಯನ ರಕ್ಷಣೆಗೆ ಬೇರೆ ಏರ್ಪಾಡು ಅವಶ್ಯಕ. ಮೊದಲನೆಯದು, ಮೋಟಾರು ಮತ್ತು ಸ್ಟಾರ್ಟರಿನ ಲೋಹದ ಮೈಯನ್ನು ಸರಿಯಾಗಿ ಅರ್ಥಿಂಗ್ ಮಾಡಿಸಿ, ಆ ಗುಂಡಿಯು ಬೇಸಗೆಯಲ್ಲಿಯೂ ಒಣಗದಂತೆ ನೀರು ಹಾಕುವುದು. ಎರಡನೆಯದು, ಮನೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚನ್ನು ಹಾಕಿಸುವುದು. ಪ್ರವಾಹವು ಅಷ್ಟು ಸ್ವಲ್ಪ ಪ್ರಮಾಣದಲ್ಲಿ ನೆಲಕ್ಕೆ ಸೋರಿದರೂ ಇದು ಕ್ಷಣಮಾತ್ರದಲ್ಲಿ ವಿದ್ಯುತ್ತನ್ನು ಕಡಿದುಹಾಕುವುದು.

ಫ್ಯೂಸು ಪದೇ ಪದೇ ಹೋಗುವುದೆಂದು ದಪ್ಪ ತಂತಿಯನ್ನು ಕಟ್ಟಕೂಡದು. ಹಾಗೆ ಮಾಡಿದರೆ ತಂತಿಗೂ ರಕ್ಷಣೆಯಿಲ್ಲದಂತಾಗುವುದು. ಕರೆಂಟು ಹೋಗಿರುವ ವೇಳೆಯೇ ದುರಸ್ತಿಗೆ ತಕ್ಕ ಸಮಯವೆಂದು ಭಾವಿಸುವುದು ಇನ್ನೂ ಅಪಾಯಕರ. ಅದು ಯಾವ ಕ್ಷಣದಲ್ಲಾದರೂ ಬರಬಹುದು. ಆಟೋ ಸ್ಟಾರ್ಟರ್ ಇದ್ದಲ್ಲಿ ಮೋಟಾರು ತಾನಾಗಿಯೇ ತಿರುಗತೊಡಗುವುದು. ಮೈನ್ ಸ್ವಿಚ್ಚನ್ನು ಆರಿಸಿ, ಫ್ಯೂಸುಗಳನ್ನು ಕಿತ್ತು, ಕೆಲಸ ಮಾಡುವವನು ತನ್ನ ಬಳಿಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಆಮೇಲೂ ಟೆಸ್ಟರಿನಿಂದ ಪರೀಕ್ಷಿಸದೆ ತಂತಿಯನ್ನು ಮುಟ್ಟಕೂಡದು. ಒದ್ದೆಗೈಯಿಂದಾಗಲಿ, ಕೆಸರಿನಲ್ಲಿ ನಿಂತಾಗಲಿ ಸ್ವಿಚ್ಚನ್ನು ಮುಟ್ಟಬಾರದು. ಕಂಬವನ್ನು ಹತ್ತುವುದು ಲೈನ್‌ಮನ್ನನ ಕೆಲಸ, ರೈತನದಲ್ಲ. ಹರಿದುಬಿದ್ದ ತಂತಿಯನ್ನು ಕಂಡರೆ ದೂರವೇ ನಿಂತು, ಇತರರನ್ನೂ ತಡೆದು, 1912ಕ್ಕೆ ತಿಳಿಸಬೇಕು.

ಮನೆಯಲ್ಲಿ ಯಾರಿಗಾದರೂ ವಿದ್ಯುತ್ತು ತಗುಲಿದಲ್ಲಿ ಅವರನ್ನು ಬರಿಗೈಯಿಂದ ಎಳೆಯಲು ಹೋಗಬಾರದು. ಎಳೆದವನಿಗೂ ಅದೇ ಗತಿಯಾದೀತು. ಮೊದಲು ಮೈನ್ ಸ್ವಿಚ್ಚನ್ನು ಆರಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ಒಣಗಿದ ಹಲಗೆಯ ಮೇಲೆ ನಿಂತು ಒಣ ಮರದ ಕೋಲಿನಿಂದ ತಂತಿಯನ್ನು ಸರಿಸಬೇಕು. ಆಮೇಲೆ 108ಕ್ಕೆ ಕರೆಮಾಡಿಸಿ, ಉಸಿರು ನಿಂತಿದ್ದರೆ ತಡಮಾಡದೆ ಎದೆಯ ನಡುವೆ ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ಈ ವಿಧಾನವನ್ನು ಮನೆಯವರೆಲ್ಲರೂ ಮುಂಚಿತವಾಗಿಯೇ ಕಲಿತಿರುವುದು ಲೇಸು.

ಪರವಾನಗಿ ಪಡೆದ ಕೆಲಸಗಾರನಿಗೆ ಕೊಡುವ ಕೂಲಿಯು ಅಲ್ಪ. ಒಂದು ದಿನ ನೀರು ಹಾಯಿಸದಿದ್ದರೆ ಪೈರು ಬಾಡೀತು, ಮರುದಿನ ಚೇತರಿಸಿಕೊಂಡೀತು. ಹೋದ ಪ್ರಾಣವು ಮರಳಿ ಬಾರದೆಂಬುದನ್ನು ರೈತಬಾಂಧವರು ಸದಾ ಜ್ಞಾಪಕದಲ್ಲಿಡತಕ್ಕದ್ದು.