ಶೇ 1 ಸೌಮ್ಯ, ಶೇ 0.05 ಉಗ್ರ: ಸ್ಟಿರಾಯ್ಡ್ ಮುಲಾಮಿನ ಲೆಕ್ಕ

ಮೆಡಿಕಲ್ ಶಾಪಿನ ಗಾಜಿನ ಮೇಲೆ ಎರಡು ಟ್ಯೂಬ್. ಒಂದರಲ್ಲಿ ಹೈಡ್ರೊಕಾರ್ಟಿಸೋನ್ ಶೇ 1, ಇನ್ನೊಂದರಲ್ಲಿ ಕ್ಲೋಬೆಟಾಸಾಲ್ ಶೇ 0.05. ಅಂಕಿ ನೋಡಿದರೆ ಎರಡನೆಯದೇ ಹಗುರ ಅನಿಸುತ್ತದೆ. ನಿಜಸಂಗತಿ ತಿರುವುಮುರುವು: ಕ್ಲೋಬೆಟಾಸಾಲ್ ಇರುವುದು ಅತ್ಯಂತ ಪ್ರಬಲ ಗುಂಪಿನಲ್ಲಿ, ಹೈಡ್ರೊಕಾರ್ಟಿಸೋನಿಗಿಂತ 600 ಪಟ್ಟಿನವರೆಗೂ ತೀಕ್ಷ್ಣ. ನಡುವೆ ಬರುವ ಬೀಟಾಮೆಥಾಸೋನ್ ವ್ಯಾಲರೇಟ್ ಶೇ 0.1 ಮತ್ತು ಮೊಮೆಟಾಸೋನ್ ಶೇ 0.1 ಪ್ರಬಲ ಗುಂಪಿನವು. ಆ ಗುಂಪಿನ ಬಲ ಹೈಡ್ರೊಕಾರ್ಟಿಸೋನಿನ 50ರಿಂದ 100 ಪಟ್ಟು. ಹಾಗಾಗಿ ಶೇಕಡಾ ನೋಡಿ ಆರಿಸಬೇಡಿ, ಔಷಧದ ಹೆಸರು ಓದಿ.

ಎಷ್ಟು ಹಚ್ಚಬೇಕು? ‘ತೆಳ್ಳಗೆ ಸವರಿ’ ಎಂದರೆ ಯಾರಿಗೂ ಅಳತೆ ಸಿಗುವುದಿಲ್ಲ. 1991ರಲ್ಲಿ ಬ್ರಿಟನ್ನಿನ ಲಾಂಗ್ ಮತ್ತು ಫಿನ್ಲೆ ಎಂಬ ವೈದ್ಯರು ಬೆರಳನ್ನೇ ಅಳತೆಗೋಲು ಮಾಡಿಕೊಟ್ಟರು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಗಲದ ಚರ್ಮಕ್ಕೆ ಅಷ್ಟು ಸಾಕು. ಮುಖ ಮತ್ತು ಕುತ್ತಿಗೆಗೆ ಎರಡೂವರೆ ಬೆರಳು, ಒಂದು ತೋಳಿಗೆ 3, ಒಂದು ಕಾಲಿಗೆ 6, ಪಾದಕ್ಕೆ 2.

ಈಗ ಕೊಳ್ಳುವ ಲೆಕ್ಕ. ಎರಡೂ ಹಸ್ತಗಳಿಗೆ ಇಸುಬು, ದಿನಕ್ಕೆ ಎರಡು ಸಲ, ವಾರಕ್ಕೆ 14 ಗ್ರಾಂ: 15 ಗ್ರಾಂನ ಒಂದು ಟ್ಯೂಬ್. ಒಂದಿಡೀ ಕಾಲಿಗಾದರೆ ವಾರಕ್ಕೆ 42 ಗ್ರಾಂ. ದಿನಕ್ಕೊಂದೇ ಸಲ ಎಂದು ವೈದ್ಯರು ಹೇಳಿದರೆ 21. ಖರ್ಚು ನೇರ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ದಿನಕ್ಕೆ ಎಷ್ಟು ಸಲ, ಎಷ್ಟು ದಿನ ಎಂದು ಕೇಳದೆ ಚೀಟಿ ಹಿಡಿದು ಹೊರಡಬೇಡಿ. ಬೆಲೆ ಹೋಲಿಸುವಾಗ ಎಂಆರ್‌ಪಿಯನ್ನು ಗ್ರಾಂನಿಂದ ಭಾಗಿಸಿ. ಅದೇ ಔಷಧ, ಅದೇ ಶೇಕಡಾ ಜನೌಷಧಿ ಕೇಂದ್ರದಲ್ಲಿದೆಯೇ ವಿಚಾರಿಸಿ. ಕ್ಲೋಬೆಟಾಸಾಲಿಗೆ ಮಾತ್ರ ಮಿತಿ ಕಟ್ಟುನಿಟ್ಟು: ವಾರಕ್ಕೆ 50 ಗ್ರಾಂ ಮೀರಬಾರದು, ಸತತ ಎರಡು ವಾರ ದಾಟಬಾರದು.

ನನ್ನನ್ನು ಕಾಡುವುದು ಮುಖದ ಸಂಗತಿ. 2011ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಮುಖದ ಚರ್ಮದ ತೊಂದರೆಗೆ ಬಂದ 2926 ಮಂದಿಯಲ್ಲಿ 433 ಜನ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಬೆಳ್ಳಗಾಗಲೆಂದೋ ಮೊಡವೆಗೆಂದೋ ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಾಣುತ್ತವೆ. ಹುಳುಕಡ್ಡಿಗೆ ಹಚ್ಚಿದರೆ ತುರಿಕೆ ತಗ್ಗುತ್ತದೆ, ಶಿಲೀಂಧ್ರ ಮಾತ್ರ ಒಳಗೊಳಗೇ ಹಬ್ಬುತ್ತದೆ. ಕ್ಲೋಬೆಟಾಸಾಲ್, ಆಫ್ಲಾಕ್ಸಸಿನ್, ಆರ್ನಿಡಜೋಲ್, ಟರ್ಬಿನಫಿನ್ ನಾಲ್ಕನ್ನೂ ಒಂದೇ ಟ್ಯೂಬಿನಲ್ಲಿ ತುಂಬಿದ ಮುಲಾಮುಗಳೂ ಬಂದಿದ್ದವು.

2018ರ ಮಾರ್ಚ್ 23ರಂದು ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ವೈದ್ಯರ ಚೀಟಿ ಇಲ್ಲದೆ ಅವನ್ನು ಮಾರುವಂತಿಲ್ಲ. ಅಂಗಡಿಯವರು ತಾವಾಗಿ ಎತ್ತಿಕೊಟ್ಟರೂ ತೆಗೆದುಕೊಳ್ಳಬೇಡಿ. ತಿಂಗಳುಗಟ್ಟಲೆ ಈಗಾಗಲೇ ಹಚ್ಚುತ್ತಿದ್ದರೆ ಥಟ್ಟನೆ ಬಿಡಲೂ ಬೇಡಿ. ಆ ಟ್ಯೂಬನ್ನೇ ಹಿಡಿದು ಚರ್ಮವೈದ್ಯರ ಬಳಿ ಹೋಗಿ.