ಮಾವನ ಕಾಲು ಉಳಿದದ್ದು ಹೇಗೆ?

ಗೆಳೆಯರೇ, ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಯಲ್ಲಿ ಅದಿರು ಲಾರಿಗಳು ಓಡಾಡುವುದು ನಿಮಗೆಲ್ಲ ಗೊತ್ತು. ಅಲ್ಲಿ ಬೈಕಿನಿಂದ ಬಿದ್ದು ನನ್ನ ಸೋದರಮಾವನ ಕಾಲು ಮುರಿಯಿತು. ಮೊಣಕಾಲ ಕೆಳಗೆ ಚರ್ಮ, ಮಾಂಸ ಕಿತ್ತುಹೋಗಿ ಮೂಳೆ ಕಾಣುತ್ತಿತ್ತು. "ಕಾಲು ತೆಗೀತಾರಂತೆ" ಅಂತ ಮನೆಯಲ್ಲಿ ಎಲ್ಲರೂ ಅತ್ತರು. ಆದರೆ ತೆಗೆಯಲಿಲ್ಲ. ಬೆಂಗಳೂರಿನ ಪ್ಲಾಸ್ಟಿಕ್ ಸರ್ಜರಿ ಡಾಕ್ಟರು ನಮಗೆ ಹೇಳಿದ್ದನ್ನು ನಿಮಗೂ ತಿಳಿಸುತ್ತೇನೆ.

ನಿಮ್ಮ ಮೊಣಕಾಲ ಕೆಳಗೆ ಮುಂಭಾಗವನ್ನು ಮುಟ್ಟಿ ನೋಡಿ. ಚರ್ಮದ ಅಡಿಯಲ್ಲೇ ಮೂಳೆ ಸಿಗುತ್ತದೆ, ನಡುವೆ ಮಾಂಸವಿಲ್ಲ. ಬರಿಮೂಳೆ ಹೊರಗೆ ಬಿದ್ದರೆ ಒಣಗುತ್ತದೆ, ಕೀವಾಗುತ್ತದೆ. ಅದರ ಮೇಲೆ ತೆಳು ಚರ್ಮ ಅಂಟಿಸಿದರೆ ಹಿಡಿಯುವುದಿಲ್ಲ. ಹಂಪಿಯ ಬಂಡೆಯ ಮೇಲೆ ಭತ್ತದ ಸಸಿ ನಾಟಿದರೆ ಬೆಳೆಯುತ್ತದೆಯೇ?

ಅದಕ್ಕೆ ಡಾಕ್ಟರು ತೊಡೆಯ ಚರ್ಮವನ್ನು ಒಳಗಿನ ಕೊಬ್ಬು, ರಕ್ತನಾಳಗಳ ಸಮೇತ ಬಿಡಿಸಿ ಗಾಯದ ಮೇಲೆ ಇಟ್ಟರು. ಕೆಲವರಿಗೆ ಬೆನ್ನಿನ ಮಾಂಸ ತರುತ್ತಾರೆ. ಆಮೇಲೆ ಆ ನಾಳಗಳನ್ನು ಕಾಲಿನ ನಾಳಗಳಿಗೆ ಸೇರಿಸಿ ಹೊಲಿಯಬೇಕು. ನಾಳದ ಅಗಲ ಸುಮಾರು 2-3 ಮಿಲಿಮೀಟರ್. ದಾರ ಕೂದಲಿಗಿಂತ ಸಣ್ಣ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾ ಹೊಲಿಯುತ್ತಾರೆ. ಕಂಪ್ಲಿಯ ಗದ್ದೆಗೆ ಕಾಲುವೆ ನೀರು ಬರಲೂ ಬೇಕು, ಹೆಚ್ಚಾದದ್ದು ಬಸಿದು ಹೋಗಲೂ ಬೇಕು. ಹಾಗೆಯೇ ಅಪಧಮನಿ ರಕ್ತ ತರುತ್ತದೆ, ಅಭಿಧಮನಿ ಒಯ್ಯುತ್ತದೆ. ಒಂದು ಕಟ್ಟಿಕೊಂಡರೂ ತಂದಿಟ್ಟ ಭಾಗ ಸಾಯುತ್ತದೆ. ಆಗ ಮತ್ತೆ ಆಪರೇಷನ್.

ಚರ್ಮ ಸರಿಸಿ ಜೋಡಿಸುವುದು ನಮ್ಮ ದೇಶದ ಹಳೆಯ ವಿದ್ಯೆ. ಟಿಪ್ಪು ಕಾಲದ ಯುದ್ಧದಲ್ಲಿ ಮೂಗು ಕಳೆದುಕೊಂಡ ಎತ್ತಿನ ಗಾಡಿಯವನೊಬ್ಬನಿಗೆ ಪುಣೆಯ ಹತ್ತಿರ ಹಣೆಯ ಚರ್ಮದಿಂದ ಮೂಗು ಮಾಡಿದ ಸುದ್ದಿ 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದಿತ್ತು. ಹಣೆ ಮೂಗಿನ ಪಕ್ಕದಲ್ಲೇ ಇದೆ. ದೂರದ ಚರ್ಮವನ್ನು ಪೂರ್ತಿ ಬಿಡಿಸಿ, ನಾಳ ಹೊಲಿದು ಕಾಲಿಗೆ ಜೋಡಿಸಿದ್ದನ್ನು 1973ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಿಂದ ಟೇಲರ್ ಮತ್ತು ಡೇನಿಯಲ್ ಎಂಬ ಡಾಕ್ಟರುಗಳು ಪ್ರಕಟಿಸಿದರು.

ಆಪರೇಷನ್ ಆದ ಮೇಲೆ ನರ್ಸಮ್ಮ ಗಂಟೆಗೊಮ್ಮೆ ಬಂದು ಅದರ ಬಣ್ಣ ನೋಡಿ, ಬೆಚ್ಚಗಿದೆಯಾ ಅಂತ ಮುಟ್ಟುತ್ತಿದ್ದರು. ಬೀಡಿ ಸೇದಿದರೆ ನಾಳ ಕಿರಿದಾಗುತ್ತದೆ ಎಂದು ಬೈದದ್ದಕ್ಕೆ ಮಾವ ಬೀಡಿ ಬಿಟ್ಟರು. ಈಗ ಸ್ವಲ್ಪ ಕುಂಟುತ್ತಾ ಗದ್ದೆಗೆ ಹೋಗುತ್ತಾರೆ. ಜೋಡಿಸಿದ ಜಾಗ ದಿಂಬಿನ ಹಾಗೆ ಉಬ್ಬಿದೆ. "ನನ್ನ ತೊಡೆ ಕೆಳಗಿಳಿದಿದೆ ನೋಡು" ಅಂತ ನಗುತ್ತಾರೆ.

ಗೆಳೆಯರೇ, ಇಂಥ ಗಾಯಕ್ಕೆ ಮಣ್ಣು, ಸುಣ್ಣ, ಸೊಪ್ಪಿನ ರಸ ಹಚ್ಚಬೇಡಿ. ಮೂಳೆಯನ್ನು ಒಳಗೆ ತಳ್ಳಬೇಡಿ. ಶುದ್ಧ ಬಟ್ಟೆ ಮುಚ್ಚಿ, ಕಾಲು ಅಲ್ಲಾಡದಂತೆ ಹಿಡಿದು, 108ಕ್ಕೆ ಫೋನ್ ಮಾಡಿ. ತಡಮಾಡಿದರೆ ಉಳಿಯುವ ಕಾಲೂ ಹೋದೀತು.

– 10ನೇ ತರಗತಿ ವಿದ್ಯಾರ್ಥಿನಿ