ಮಾತ್ರೆಯ ಬೆಲೆ, ಹಾಸಿಗೆಯ ಲೆಕ್ಕ

ಕೊಲೆಸ್ಟರಾಲ್ ಇಳಿಸಿದರೆ ಆಯಸ್ಸು ಹೆಚ್ಚುತ್ತದೆಯೇ? 1994ರವರೆಗೂ ಹೃದ್ರೋಗ ತಜ್ಞರಲ್ಲೇ ಒಮ್ಮತವಿರಲಿಲ್ಲ. ಕ್ಲೋಫೈಬ್ರೇಟ್ ಎಂಬ ಹಳೆಯ ಔಷಧ ಹೃದಯಾಘಾತವನ್ನೇನೋ ತಗ್ಗಿಸಿತ್ತು; ಆದರೆ ಅದನ್ನು ತೆಗೆದುಕೊಂಡವರಲ್ಲಿ ಬೇರೆ ಕಾಯಿಲೆಗಳಿಂದ ಸತ್ತವರೇ ಜಾಸ್ತಿ. ಆಮೇಲೆ ಬಂದ ಸ್ಟ್ಯಾಟಿನ್ ಮಾತ್ರೆಗಳು ಆಗ ದುಬಾರಿಯಾಗಿದ್ದವು, ಅದೂ ಬದುಕಿರುವಷ್ಟು ಕಾಲ ದಿನಾ ನುಂಗಬೇಕು.

ಅನುಮಾನ ಪರಿಹಾರವಾದದ್ದು ನಾರ್ಡಿಕ್ ದೇಶಗಳಲ್ಲಿ. ನಾರ್ವೆಯ ವೈದ್ಯ ತೆರ್ಯೆ ಪೆಡರ್ಸನ್ ಮುಂದಾಳತ್ವದಲ್ಲಿ ಐದು ದೇಶಗಳ 94 ಕೇಂದ್ರಗಳು ಒಂದು ಪ್ರಯೋಗಕ್ಕೆ 4,444 ರೋಗಿಗಳನ್ನು ಸೇರಿಸಿಕೊಂಡವು. ಎಲ್ಲರೂ ಒಮ್ಮೆ ಹೃದಯಾಘಾತ ಕಂಡವರು ಅಥವಾ ಆಂಜೈನಾದ ಎದೆನೋವು ಇದ್ದವರು. ಅರ್ಧ ಜನರಿಗೆ ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ. ಸುಮಾರು ಐದೂವರೆ ವರ್ಷಗಳಲ್ಲಿ ಹುಸಿ ಮಾತ್ರೆಯ ಗುಂಪಿನಲ್ಲಿ 256 ಮಂದಿ ಸತ್ತರು, ಇನ್ನೊಂದರಲ್ಲಿ 182. ಹಣ ಹಾಕಿದ್ದು ಮಾತ್ರೆ ತಯಾರಿಸುವ ಮರ್ಕ್ ಕಂಪನಿಯೇ. ಹುಬ್ಬೇರಿಸುವುದು ಸಹಜ, ಆದರೆ ಸಾವಿನ ಲೆಕ್ಕವನ್ನು ತಿರುಚುವುದು ಅಷ್ಟು ಸುಲಭವಲ್ಲ.

ಜೀವ ಉಳಿಯುತ್ತದೆ, ಸರಿ. ಸರ್ಕಾರದ ಬೊಕ್ಕಸ ಇದನ್ನು ತಡೆದುಕೊಂಡೀತೇ? ಉತ್ತರ ಅದೇ ಪ್ರಯೋಗದ ಕಡತಗಳಲ್ಲಿತ್ತು. ಯಾರು ಯಾವಾಗ ಆಸ್ಪತ್ರೆ ಸೇರಿದರು, ಎಷ್ಟು ದಿನ ಇದ್ದರು ಎಂಬುದೆಲ್ಲ ಅಲ್ಲಿ ದಾಖಲಾಗಿತ್ತು. ಸಿಮ್ವಾಸ್ಟ್ಯಾಟಿನ್ ಗುಂಪಿನವರು ಹೃದಯದ ತೊಂದರೆಗಾಗಿ ಆಸ್ಪತ್ರೆಯಲ್ಲಿ ಕಳೆದ ದಿನಗಳು 34% ಕಡಿಮೆ. ಅಮೆರಿಕದ ದರ ಹಾಕಿ ನೋಡಿದಾಗ, ಮಾತ್ರೆಗೆ ಸುರಿದ ಹಣದ 88% ಹೀಗೆ ತಪ್ಪಿದ ಆಸ್ಪತ್ರೆ ಖರ್ಚಿನಲ್ಲೇ ಹುಟ್ಟಿತ್ತು. ಕೈಯಿಂದ ಹೋಗುತ್ತಿದ್ದುದು ದಿನಕ್ಕೆ 28 ಸೆಂಟ್ ಮಾತ್ರ. 1996ರಲ್ಲಿ ಇದು ಪ್ರಕಟವಾಯಿತು.

ಮರುವರ್ಷ ಸ್ಟಾಕ್‌ಹೋಮ್‌ನ ಅರ್ಥಶಾಸ್ತ್ರಜ್ಞರಾದ ಮ್ಯಾಗ್ನಸ್ ಯೋಹಾನೆಸನ್ ಮತ್ತು ಬೆಂಗ್ಟ್ ಯೋನ್ಸನ್ ವೈದ್ಯರ ಜೊತೆ ಕೂತು ಇನ್ನಷ್ಟು ಕೆದಕಿದರು. ಒಬ್ಬರ ಆಯಸ್ಸು ಒಂದು ವರ್ಷ ಹೆಚ್ಚಲು ಎಷ್ಟು ಖರ್ಚು? ಕೊಲೆಸ್ಟರಾಲ್ 309 ಇರುವ 70ರ ಗಂಡಸಿಗೆ 3,800 ಡಾಲರ್. 213 ಇರುವ 35ರ ಹೆಂಗಸಿಗೆ 27,400. ಆಕೆಗೆ ಅಪಾಯವೇ ಕಡಿಮೆ, ಹಾಗಾಗಿ ಅದೇ ಮಾತ್ರೆ ತಪ್ಪಿಸುವ ಸಾವೂ ಕಡಿಮೆ. ಆದರೆ ಕಾಯಿಲೆ ಬಿದ್ದು ಕೆಲಸ ತಪ್ಪುವ ನಷ್ಟವನ್ನೂ ಸೇರಿಸಿದ ಕೂಡಲೇ ಲೆಕ್ಕ ತಿರುಗಿಬಿತ್ತು: ಚಿಕ್ಕ ವಯಸ್ಸಿನವರಲ್ಲಿ ಚಿಕಿತ್ಸೆ ಹಣವನ್ನೇ ಉಳಿಸುತ್ತಿತ್ತು. ನನಗೆ ಇಲ್ಲಿ ಮುಜುಗರ. ನಿವೃತ್ತರಿಗೆ ತಪ್ಪುವ ಕೆಲಸವೇ ಇಲ್ಲದ್ದರಿಂದ, ಅವರ ಒಂದು ವರ್ಷಕ್ಕೆ ಈ ಕೋಷ್ಟಕದಲ್ಲಿ ಬೆಲೆಯೇ ಕಡಿಮೆಯಾಗಿಬಿಡುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದ್ದು ಪೇಟೆಂಟ್ ಕಾಲದ ಬೆಲೆಗೆ. ಅಮೆರಿಕದಲ್ಲಿ 2006ರಲ್ಲಿ ಪೇಟೆಂಟ್ ಮುಗಿದು ಹಲವು ಕಂಪನಿಗಳು ಅದೇ ಮಾತ್ರೆ ಮಾಡತೊಡಗಿದವು, ಬೆಲೆ ಕುಸಿಯಿತು. ಆಸ್ಪತ್ರೆಯ ದರ ಮಾತ್ರ ಇಳಿಯಲಿಲ್ಲ.